ಸೋಮವಾರ ಮೂಡಣದ ರೈಲು

ಟೊರಾಂಟೋ ಹತ್ತಿರದ ಬ್ರ್ಯಾಂಪ್ಟನ್ನಿಗೆ ಬಂದು ಆರು ವರ್ಷವಾಗಿದ್ದರೂ ನಾನು ಒಬ್ಬಳೇ ರೈಲು ಹತ್ತಿದವಳಲ್ಲ. ಗುಡಿಗೆ, ಅಂಗಡಿಗೆ, ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ, ಎಲ್ಲಿಗಾದರೂ ನಮ್ಮ ಮನೆಯವರ ಕಾರು ಇತ್ತು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಟೊರಾಂಟೋದ ಆಸ್ಪತ್ರೆಯವರು ಪರೀಕ್ಷೆಗೆ ಸೋಮವಾರ ಕರೆದರು. ಕಾರು ಓಡಿಸಬಾರದೆಂದು ಹೇಳಿದ್ದರಿಂದ ರೈಲೇ ಗತಿ.

ನಮ್ಮ ಧಾರವಾಡದ ಮನೆಯಲ್ಲಿ ವಾರಶೂಲೆ ನೋಡದೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಸೋಮವಾರ, ಶನಿವಾರ ಮೂಡಣ ದಿಕ್ಕಿಗೆ ಪ್ರಯಾಣ ಕೂಡದು. ಟೊರಾಂಟೋ ನಮಗೆ ಮೂಡಣಕ್ಕೇ ಇದೆ.

"ಮಂಗಳವಾರಕ್ಕ ಹಾಕಿಸ್ಕೋರಿ," ಅಂದೆ.

"ಹೌದು, ನಮ್ಮಾಕಿ ಪಂಚಾಂಗ ನೋಡಿ ಡೇಟ್ ಕೊಡ್ತಾಳ, ತಡೀರಿ ಅಂತ ಡಾಕ್ಟರ್‌ಗೆ ಹೇಳ್ತೀನಿ."

"ನಗಬ್ಯಾಡ್ರಿ. ನಾ ಅಂತೂ ಸೋಮವಾರ ಬರೂದಿಲ್ಲ."

ಅವರು ಒಬ್ಬರೇ ಹೋದರು. ಅಂದೇ ಮೂರು ರಕ್ತನಾಳ ಕಟ್ಟಿಕೊಂಡಿವೆ ಎಂದು ತಿಳಿಯಿತು, ಅಲ್ಲೇ ಇಟ್ಟುಕೊಂಡರು. ಸಂಜೆ ಫೋನಿನಲ್ಲಿ ಎಲ್ಲ ಹೇಳಿ, ಕಡೆಗೆ ಮೆಲ್ಲಗೆ, "ಅವರು ಹೇಳೂ ಹೊತ್ತಿನಾಗ ಒಬ್ಬನಽ ಇದ್ದೆ ನೋಡು," ಅಂದರು. ಆಕ್ಷೇಪಣೆಯ ದನಿಯೇ ಅಲ್ಲ.

ಆ ವಾರ ಗೆಳೆಯರು ಸಂಜೆ ಹೊತ್ತು ನನ್ನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಅವರನ್ನು ತೋರಿಸಿ ಮನೆಗೆ ಕರೆತಂದರು. ದೇವರು ದೊಡ್ಡವನು. ಆಪರೇಷನ್ ಮಾತ್ರ ಮತ್ತೆ ಸೋಮವಾರಕ್ಕೇ ನಿಗದಿಯಾಯಿತು, ಬೆಳಿಗ್ಗೆ ಒಂಬತ್ತಕ್ಕೆ. ಆ ಹೊತ್ತಿಗೆ ಎಲ್ಲರಿಗೂ ಶಿಫ್ಟು. ಒಳಗೆ ಕರೆದೊಯ್ಯುವ ಮೊದಲು ನಾನು ಅವರ ಪಕ್ಕದಲ್ಲಿರಬೇಕು, ಏನಾದರಾಗಲಿ ಇರುತ್ತೇನೆ ಎಂದು ದೇವರ ಮುಂದೆ ಹೇಳಿಕೊಂಡೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಬಾಗಿಲು ಆಚೆ ಚಿಲಿ ದೇಶದ ಒಬ್ಬ ಹೆಂಗಸಿದ್ದಳು, ಬೇಕರಿಯಲ್ಲಿ ಕೆಲಸ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ, ಹಾಗಾಗಿ ಚೆನ್ನಾಗಿ ಹೊಂದಿಕೊಂಡಿದ್ದೆವು. ಭಾನುವಾರ ಮಧ್ಯಾಹ್ನ ನನ್ನನ್ನು ಸ್ಟೇಷನ್ನಿಗೆ ನಡೆಸಿಕೊಂಡು ಹೋಗಿ ಟಿಕೆಟ್ ಕೊಡಿಸಿದಳು, ಎಲ್ಲಿ ನಿಲ್ಲಬೇಕು, ಯಾವ ಕಡೆ ಹತ್ತಬೇಕು ತೋರಿಸಿದಳು. ಭಾನುವಾರ ಆ ದಾರಿಯಲ್ಲಿ ರೈಲೇ ಇರಲಿಲ್ಲ. ಬರೀ ಹಿಮ, ಖಾಲಿ ಹಳಿ.

ಅವಳ ಊರು ಲಿಮಾಚೆ. ಅಲ್ಲಿಂದ ವಾಲ್ಪರೈಸೊ ಎಂಬ ಬಂದರು ಪಟ್ಟಣಕ್ಕೆ, ನಡುವಿನ ಸಣ್ಣ ಊರುಗಳನ್ನೆಲ್ಲ ಮುಟ್ಟಿಕೊಂಡು, ಕೊನೆಗೆ ಸಮುದ್ರದ ಅಂಚಿನಲ್ಲೇ ರೈಲು ಹೋಗುತ್ತದಂತೆ. ಅವಳ ತಾಯಿ ಟೊಮೇಟೊ ಬುಟ್ಟಿ ಹೊತ್ತು ಅದರಲ್ಲೇ ಪಟ್ಟಣಕ್ಕೆ ಹೋಗುತ್ತಿದ್ದಳಂತೆ.

"ನಿಮ್ಮ ಈ ಟ್ರೇನು ಗಂಡಸಿನ ಥರ, ಸೆನ್ಯೋರಾ," ಅಂದಳು, ನಮ್ಮಲ್ಲಿ ಅಮ್ಮಾವ್ರೇ ಅನ್ನುವಂತೆ. "ಬೆಳಿಗ್ಗೆ ಆಫೀಸಿಗೆ ಹೋಗಿಬಿಟ್ಟರೆ ಸಂಜೆಗೇ ಮುಖ ತೋರಿಸೋದು. ನಮ್ಮೂರಿನದು ಹೆಂಗಸು, ದಿನ ಪೂರ್ತಿ ಹೋಗೋದು ಬರೋದು, ಹೋಗೋದು ಬರೋದು. ಅದಕ್ಕೇ ನೀವು ಬೆಳಿಗ್ಗೆ ತಪ್ಪಿಸಿಕೊಂಡರೆ ಮುಗೀತು."

ಕೆಲವು ವರ್ಷಗಳ ನಂತರ ಅಲ್ಲಿ ಹೊಸ ಮೆಟ್ರೋ ರೈಲು ಬಂದು, ಒಂದು ಊರಿನಲ್ಲಿ ನೆಲದೊಳಗೇ ಹಾದುಹೋಗುವಂತಾಯಿತು. ಊರಿಗೆ ಹೋಗಿ ಬಂದವಳು ಹೆಮ್ಮೆಯಿಂದ ಫೋಟೋ ತೋರಿಸಿದ್ದಳು.

ಸೋಮವಾರದ ಶೂಲೆಗೆ ನನಗೆ ಒಂದೇ ದಾರಿ ಹೊಳೆಯಿತು, ಪರಸ್ತಾನ. ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಗಂಟನ್ನು ಹೋಗುವ ದಿಕ್ಕಿನ ಬೇರೆ ಮನೆಯಲ್ಲಿಟ್ಟರೆ ನಾವು ಆಗಲೇ ಹೊರಟಂತೆ. ಆ ಗಂಟು ಮಾತ್ರ ಮನೆಗೆ ಮರಳಬಾರದು. ಅವಳ ಬಾಗಿಲು ನಮ್ಮದಕ್ಕೆ ಮೂಡಣಕ್ಕೇ ಇತ್ತು. ಟಿಕೆಟ್, ಮಂತ್ರಾಕ್ಷತೆ, ಶಾಲು ಹಾಕಿದ ಬ್ಯಾಗನ್ನು ಭಾನುವಾರ ಸಂಜೆ ಕೊಟ್ಟೆ.

"ಬೆಳಿಗ್ಗೆ ತಗೋತೀನಿ," ಅಂದೆ.

"ನಿಮ್ಮ ಮನೇಲಿ ಜಾಗ ಇಲ್ವಾ?" ಎಂದು ನಕ್ಕು ಇಟ್ಟುಕೊಂಡಳು. ವಾರಶೂಲೆಗೆ ಇಂಗ್ಲಿಷಿನಲ್ಲಿ ಏನನ್ನಬೇಕೋ ತಿಳಿಯದೆ ಥ್ಯಾಂಕ್ಸ್ ಹೇಳಿ ಬಂದೆ.

ಬೆಳಿಗ್ಗೆ ಐದೂವರೆಗೆ ದೀಪ ಹಚ್ಚಿ, ಕೋಟು ಹಾಕಿಕೊಂಡು ಬಾಗಿಲು ತೆರೆದರೆ ಬ್ಯಾಗು ನಮ್ಮ ಬಾಗಿಲ ಹಿಡಿಕೆಗೇ ತೂಗಾಡುತ್ತಿದೆ. ಅವಳು ನಾಲ್ಕಕ್ಕೇ ಬೇಕರಿಗೆ ಹೋಗುವವಳೆಂಬುದು ನನಗೆ ಹೊಳೆದೇ ಇರಲಿಲ್ಲ. ನನಗೆ ತೊಂದರೆಯಾಗದಿರಲೆಂದು ತಂದು ಹಾಕಿದ್ದಾಳೆ. ಜೊತೆಗೆ ಕಾಗದದಲ್ಲಿ ಸುತ್ತಿದ ಎರಡು ಬನ್ನು, ಮೇಲೊಂದು ಚೀಟಿ: ಮೊಟ್ಟೆ ಹಾಕಿಲ್ಲ.

ನನ್ನ ಕಾಲು ಅಲ್ಲೇ ನಿಂತಿತು. ಹೊರಟ ಗಂಟು ತಿರುಗಿ ಬಂದಿದೆ. ಇದಕ್ಕಿಂತ ಅಪಶಕುನ ಬೇಕೇ? ಒಳಗೆ ಹೋಗಿ ಕುಳಿತು ನೀರು ಕುಡಿದು ಹೊರಡೋಣವೆಂದರೆ ರೈಲು ಕಾಯುವುದಿಲ್ಲ. "ಒಬ್ಬನಽ ಇದ್ದೆ ನೋಡು" ಎಂಬ ಮಾತು ಕಿವಿಯಲ್ಲೇ ಇತ್ತು. ಶೂಲೆ ಚುಚ್ಚುವುದಿದ್ದರೆ ನನ್ನನ್ನೇ ಚುಚ್ಚಲಿ ಎಂದು ಬ್ಯಾಗನ್ನು ಹೆಗಲಿಗೇರಿಸಿ ಬೀಗ ಹಾಕಿದೆ.

ಹಿಮದಲ್ಲಿ ಎರಡು ಸಲ ಜಾರಿದೆ, ಬೀಳಲಿಲ್ಲ. ರೈಲಿನಲ್ಲಿ ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಬ್ಯಾಗು ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲವಲ್ಲ ಎಂಬುದು ಆಗ ಹೊಳೆದು ನಗು ಬಂತು. ಆದರೆ ಒಳಗೇ ಬಂದಿದ್ದರೂ ನಾನು ಹೊರಟೇ ಹೊರಡುತ್ತಿದ್ದೆ.

ಟೊರಾಂಟೋದ ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು, ನೆಲದಡಿಯ ಸಬ್‌ವೇ ರೈಲು ಹಿಡಿದು ನಾಲ್ಕು ಜನರನ್ನು ಕೇಳಿಕೊಂಡು ಆಸ್ಪತ್ರೆ ಮುಟ್ಟಿದಾಗ ಅವರ ಮಂಚಕ್ಕೆ ಆಗಲೇ ಕಂಬಿ ಏರಿಸಿದ್ದರು. ನರ್ಸಮ್ಮ ಎರಡು ನಿಮಿಷ ಎಂದು ಬೆರಳು ತೋರಿಸಿದಳು.

"ಇವತ್ತ ಸೋಮವಾರ, ಗೊತ್ತದೇನು?" ಅಂದರು ಇವರು.

"ಗೊತ್ತದ. ಮಾತು ಕಡಿಮಿ ಮಾಡ್ರಿ, ತಲಿ ಈ ಕಡೆ ತಿರುಗಸ್ರಿ."

ಮಂತ್ರಾಕ್ಷತೆ ಹಾಕಿದೆ. ನಾಲ್ಕು ಕಾಳು ದಿಂಬಿಗೆ ಬಿದ್ದವು, ನರ್ಸಮ್ಮ ಕಂಡೂ ಕಾಣದಂತೆ ಇದ್ದಳು. ಮಂಚದ ಜೊತೆ ಜೋಡಿ ಬಾಗಿಲವರೆಗೂ ನಡೆದೆ. ಅಲ್ಲಿ ಕೈ ಬಿಡಿಸಿದರು.

"ಅವರನ್ನು ಹೊರಗೆ ತರುವಾಗ ಯಾವ ದಾರಿಯಲ್ಲಿ ತರುತ್ತೀರಿ?" ಎಂದು ಕೇಳಿದೆ. ನರ್ಸಮ್ಮ ಆ ದಾರಿಯ ಪಕ್ಕದ ಒಂದು ಕುರ್ಚಿ ತೋರಿಸಿದಳು. ಮಧ್ಯಾಹ್ನ ಅವರನ್ನು ತಳ್ಳಿಕೊಂಡು ಬಂದಾಗ ನಾನು ಅದರಲ್ಲೇ ಕುಳಿತಿದ್ದೆ.