ತಗಡಿನವನು ಕರೆದ ಹೆಸರು

ಹೇಳಲಿಕ್ಕೇ ನಾಚಿಕೆ. ಹೋದ ತಿಂಗಳು ಮಟಮಟ ಮಧ್ಯಾಹ್ನ, ಉಂಡ ಕೈ ಒಣಗುವ ಮೊದಲೇ, ಒಂದು ಯಂತ್ರಕ್ಕಾಗಿ ಅತ್ತುಬಿಟ್ಟೆ. ಯಂತ್ರ ಕೆಟ್ಟಿದ್ದಕ್ಕಲ್ಲ, ಅದು ಒಬ್ಬ ಹೆಂಗಸನ್ನು ಪ್ರೀತಿಸಿದ್ದಕ್ಕೆ.

ಟಿವಿಯಲ್ಲಿ ಬರುವ ಧಾರಾವಾಹಿ ಅದು. ಆಕಾಶದಲ್ಲೊಂದು ಹಡಗು, ಅದರಲ್ಲೊಬ್ಬ ಡಾಕ್ಟರಮ್ಮ, ಅವಳ ಜೊತೆಗೊಬ್ಬ ತಗಡಿನ ಮನುಷ್ಯ. ಅವನು ಹೇಳುತ್ತಾನೆ: "ನನಗೆ ಭಾವನೆಗಳಿಲ್ಲ. ಆದರೆ ನೀನಿಲ್ಲದ ದಿನ ನಿನ್ನ ಹೆಸರನ್ನು ನಲವತ್ತು ಸಲ ಕರೆದೆ. ಯಾಕೆಂದು ಗೊತ್ತಿಲ್ಲ." ಅಷ್ಟೇ ನೋಡಿ, ಕಲಬುರಗಿಯ ಗಾಜಿಪುರದ ನಮ್ಮ ಪಡಸಾಲೆಯಲ್ಲಿ ನಾನು ಟವೆಲ್ಲಿಗೆ ಮುಖ ಒತ್ತಿಕೊಂಡೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಸ್ಥಾಯಿಭಾವವಿಲ್ಲದೆ ರಸವಿಲ್ಲ ಎಂದು ಮಕ್ಕಳ ತಲೆಗೆ ತುಂಬಿದವನು. ಭಾವವೇ ಇಲ್ಲದವನು ನನ್ನಿಂದ ಇಷ್ಟು ಕಣ್ಣೀರು ಹಿಂಡಿದನಲ್ಲ, ನಮ್ಮ ಆಲಂಕಾರಿಕರು ಇದಕ್ಕೇನೆನ್ನುತ್ತಿದ್ದರೋ!

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಯ್ಯ, ತಗಡಿನ ಮನುಷ್ಯಾನೂ ಹೆಸರ ಹಿಡದ ಕರ್ಯಾಕತ್ತಾನ ನೋಡ್ರಿ," ಅಂದು ನಕ್ಕು ಒಳಗೆ ಹೋದಳು.

ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಅದು ಎಲ್ಲ ಕಡೆ ಇದ್ದದ್ದೇ. ನಮ್ಮ ಮನೆತನದಲ್ಲಿ ಗಂಡನೂ ಹೆಂಡತಿಯ ಹೆಸರು ಹಿಡಿಯುವುದಿಲ್ಲ. ಹಿರಿಯರೆದುರು ಅದು ಸಲಿಗೆಯಂತೆ. ಹಿರಿಯರೆಲ್ಲ ಹೋದರು, "ಏ, ಕೇಳಿಲ್ಲಿ" ಮಾತ್ರ ಉಳಿಯಿತು. ಮೂವತ್ತೊಂದು ವರ್ಷ ಅದರಲ್ಲೇ ಸಂಸಾರ ಮಾಡಿದ್ದೇನೆ. ಅವಳ ಅಪ್ಪ ತೀರಿದ ದಿನ ಕಮಲಾಪುರದ ತವರಿನಲ್ಲಿ, ಹೆಂಗಸರ ನಡುವೆ, ಅವಳು ಗೋಡೆಗೊರಗಿ ಕೂತಿದ್ದಳು. ಹೆಸರು ಕರೆದು ಹತ್ತಿರ ಕೂಡಬೇಕಿತ್ತು. ನಾನು ಅಂಗಳದಲ್ಲೇ ನಿಂತು, "ಏ, ಬಸ್ಸಿನ ಟೈಮ್ ಆತು, ನಾ ಹೊಂಟೆ," ಅಂದೆ. ಅವಳು ತಲೆ ಎತ್ತಲಿಲ್ಲ. ಟಿವಿ ಮುಂದೆ ಅಳುವ ಈ ಕಣ್ಣು ಆವತ್ತು ಎಲ್ಲಿ ಹೋಗಿತ್ತು? ನೆನೆದರೆ ಹಿಡಿಯಷ್ಟಾಗುತ್ತೇನೆ.

ಹೋದ ವಾರ ಇಬ್ಬರೂ ಕಮಲಾಪುರದ ಸಂತೆಗೆ ಹೋಗಿದ್ದೆವು, ಕೆಂಪು ಬಾಳೆಹಣ್ಣಿಗೆ. ಕಲಬುರಗಿ ಬಸ್ಸು ಹೊರಡುವ ಹೊತ್ತಿಗೆ ಅವಳು ಗದ್ದಲದಲ್ಲಿ ತಪ್ಪಿದಳು. ದೂರದಲ್ಲಿ ಅವಳ ಹಸಿರು ಸೆರಗು ಕಂಡಿತು. ಸಂತೆಯಲ್ಲಿ "ಏ" ಅಂದರೆ ಅರ್ಧ ಊರು ತಿರುಗುತ್ತದೆ. ಗಟ್ಟಿ ಮನಸ್ಸು ಮಾಡಿ ಕೂಗಿದೆ: "ಮಹಾನಂದಾ!"

ಬಾಳೆಹಣ್ಣಿನವನು ತಿರುಗಿದ, ಕಂಡಕ್ಟರ್ ತಿರುಗಿದ. ಅವಳು ತಿರುಗಲಿಲ್ಲ. ನನ್ನ ಕಿವಿ ಬಿಸಿಯಾದವು. ತಡೆಯಲಾರದೆ, "ಏ, ಕೇಳಿಲ್ಲಿ!" ಅಂದೆ. ಸೀದಾ ನಡೆದು ಬಂದಳು.

"ಹೆಸರ ಕೂಗಿದ್ದು ಕೇಳಿಸ್ಲಿಲ್ಲೇನು?"

"ಕೇಳಿಸ್ತ್ರಿ. ಇನ್ನೊಮ್ಮೆ ಕರೀತೀರೇನೋ ಅಂತ ನಿಂತಿದ್ದೆ."

ಬಸ್ಸು ಊರು ದಾಟಿತು. ಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಭಾವನೆಗಳ ಮೂಟೆಯೇ ಆದ ನಾನು ಒಂದೇ ಕೂಗಿಗೆ ಬೆವತುಹೋಗಿದ್ದೆ. ಆದರೂ ಮೆಲ್ಲಗೆ, ಹಿಂದಿನ ಸೀಟಿನವರಿಗೆ ಕೇಳದ ಹಾಗೆ, ಮತ್ತೊಮ್ಮೆ ಕರೆದೆ. "ಹೂಂ," ಅಂದಳು, ತಿರುಗದೆ.

ತಗಡಿನವನ ಲೆಕ್ಕಕ್ಕೆ ಇನ್ನೂ ಮೂವತ್ತೆಂಟು ಬಾಕಿ.