ಕೊಳದ ತಳದ ಜಾಲರಿ

ನನ್ನ ಸೋದರಮಾವನ ಹೆಸರು ಊರಿನಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದುದರಿಂದ ಈಜು ಕಲಿಯಲು ಬಂದ ಮಕ್ಕಳೆಲ್ಲ ಅವರನ್ನು ಸೀಟಿ ಮಾವ ಅನ್ನುತ್ತಿದ್ದರು. ಅದೇ ಮಕ್ಕಳು ದೊಡ್ಡವರಾಗಿ, ಕೊನೆಯ ಆರು ವರ್ಷ ಅವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಕಣ್ಣೆದುರೇ ಮಗು ಮುಳುಗಿದರೂ ಕುರ್ಚಿ ಬಿಟ್ಟು ಏಳದವನು ಎಂದು ಮಾತು. ಹಾಗಂತ ಮಾವನೇ ಕೈಯಾರೆ ಬರೆದುಕೊಟ್ಟಿದ್ದರು, ಕೆಲಸ ಹೋದದ್ದೂ ಅದರಿಂದಲೇ. ಈಗ ಮಾವ ಇಲ್ಲ, ಆ ಮಗುವಿನ ಅಪ್ಪ ಅಮ್ಮನೂ ಇಲ್ಲ. ಇನ್ನು ನಾನು ಬಾಯಿ ಮುಚ್ಚಿಕೊಂಡಿದ್ದು ಯಾರನ್ನೂ ಕಾಪಾಡಬೇಕಾಗಿಲ್ಲ.

ಊರಿನ ಸಾರ್ವಜನಿಕ ಈಜುಕೊಳದಲ್ಲಿ ಮಾವ ಇಪ್ಪತ್ತೆಂಟು ವರ್ಷ ಕಾವಲಿದ್ದರು. ಹೊಸದಾಗಿ ಬಂದವರಿಗೆ ಅವರ ಮೊದಲ ಪಾಠ ಈಜಲ್ಲ, ನೀರನ್ನು ನಂಬಬಾರದು ಅನ್ನುವುದು. ಉದ್ದನೆಯ ಕೋಲನ್ನು ನೀರಿಗೆ ಓರೆಯಾಗಿ ಇಳಿಬಿಟ್ಟು, "ಏನಾಗಿದೆ ಹೇಳಿ?" ಅನ್ನುತ್ತಿದ್ದರು. "ಮುರಿದುಹೋಗಿದೆ!" ಎಂದು ಮಕ್ಕಳು ಕೂಗುತ್ತಿದ್ದರು. ಎತ್ತಿ ತೋರಿಸಿದರೆ ಕೋಲು ನೆಟ್ಟಗೆ ಇರುತ್ತಿತ್ತು. ನಾನು ಏಳು ವರ್ಷದವಳಿದ್ದಾಗ ಸೊಂಟದವರೆಗಿನ ನೀರಿನಲ್ಲಿ ನಿಂತು ನನ್ನ ಕಾಲು ನೋಡಿಕೊಂಡು ಅತ್ತುಬಿಟ್ಟಿದ್ದೆ. ಅವು ಮೊಣಕಾಲಿನಿಂದ ಕೆಳಗೆ ಗೇಣುದ್ದವೂ ಇದ್ದಂತೆ ಕಾಣಲಿಲ್ಲ. "ಅಳಬೇಡ ಪುಟ್ಟಿ, ಹೊರಗೆ ಬಂದ ಕೂಡಲೇ ವಾಪಸ್ ಕೊಡ್ತೀನಿ" ಎಂದು ಮಾವ ನಕ್ಕಿದ್ದರು. ತಳಕ್ಕೆ ಬಳೆ ಎಸೆದು ತರಲು ಹೇಳಿದರೆ ನಾವೆಲ್ಲ ಬಳೆಗಿಂತ ಒಂದು ಮೊಳ ಮೇಲೇ ನೀರು ಹಿಡಿಯುತ್ತಿದ್ದೆವು. ಕಂಡದ್ದಕ್ಕಿಂತ ಕೆಳಗೆ ಕೈ ಹಾಕಿ ಎಂದು ಅವರು ದಡದಿಂದ ಗದರುತ್ತಿದ್ದರು. ಆಳದ ತುದಿಯಲ್ಲಿ ಹನ್ನೆರಡು ಅಡಿ ನೀರಿದ್ದರೂ ನೋಡುವವರಿಗೆ ಒಂಬತ್ತೇ ಅನ್ನಿಸುತ್ತಿತ್ತು.

ಆ ಹನ್ನೆರಡು ಅಡಿಯ ತಳದಲ್ಲಿ ನೀರು ಹೊರಗೆ ಹೋಗುವ ತೂಬಿನ ಮೇಲೆ ಒಂದು ಕಪ್ಪು ಕಬ್ಬಿಣದ ಜಾಲರಿ ಇತ್ತು, ಚಾಪೆಯ ಅರ್ಧದಷ್ಟು. ಬೆಳಿಗ್ಗೆ ಅದರ ತೂತುಗಳು ಒಂದೊಂದಾಗಿ ಕಂಡರೆ ನೀರು ತಿಳಿಯಾಗಿದೆ ಎಂದು ಗೇಟು ತೆಗೆಯುವುದು, ಮಬ್ಬಾದರೆ ಮುಚ್ಚುವುದು, ಅದು ಆ ಕೆಲಸದವರ ನಿಯಮ. ಆಮೇಲೆ ಕಾಲುಗಂಟೆಗೊಮ್ಮೆ ಎತ್ತರದ ಕುರ್ಚಿಯಿಂದ ಜಾಲರಿ ನೋಡುವುದು. ಗಾಳಿ ಬೀಸಿದರೆ ಅದು ಎರಡಾಗುತ್ತಿತ್ತು, ಉದ್ದವಾಗುತ್ತಿತ್ತು, ಒಂದು ಪಕ್ಕಕ್ಕೆ ಸರಿದು ಮತ್ತೆ ಬರುತ್ತಿತ್ತು. ಮಾವನಿಗೆ ಅದರ ಅಷ್ಟೂ ವೇಷ ಗೊತ್ತಿತ್ತು. ಹೆಂಡತಿ ಮಕ್ಕಳಿಲ್ಲದ ಮನುಷ್ಯ ಜಾಲರಿಯ ಜೊತೆ ಸಂಸಾರ ಮಾಡ್ತಿದ್ದಾನೆ ಎಂದು ನನ್ನಮ್ಮ ತಮ್ಮನನ್ನು ಆಡಿಕೊಳ್ಳುತ್ತಿದ್ದಳು.

ರಸ್ತೆಯಾಚೆ ಮೈತುಂಬ ಗಾಜು ಹೊದ್ದ ಕಚೇರಿ ಕಟ್ಟಡ ಎದ್ದ ಮೇಲೆ ತೊಂದರೆ ಶುರುವಾಯಿತು. ಮಧ್ಯಾಹ್ನ ನಾಲ್ಕರ ಬಿಸಿಲು ಆ ಗಾಜಿಗೆ ಬಡಿದು ನೇರ ಕೊಳಕ್ಕೆ ಬೀಳುತ್ತಿತ್ತು. ನೀರು ತಗಡಿನ ಹಾಗೆ ಹೊಳೆದು ಒಳಗಿನದೇನೂ ಕಾಣುತ್ತಿರಲಿಲ್ಲ. ಕುರ್ಚಿಯನ್ನು ಎದುರು ದಡಕ್ಕೆ ಹಾಕಿಸಿ ಎಂದು ಮಾವ ಎರಡು ಅರ್ಜಿ ಕೊಟ್ಟರು. ಅರ್ಜಿಗಳು ಹೋದ ದಾರಿಯಲ್ಲೇ ಮಲಗಿಕೊಂಡವು, ನಮ್ಮ ಕಚೇರಿಗಳ ಬುದ್ಧಿಗೆ ಇನ್ನೇನಾಗಬೇಕಿತ್ತು.

ಆ ದಿನವೂ ನಾಲ್ಕು ಗಂಟೆ. ಎಂಟು ವರ್ಷದ ಹುಡುಗಿಯೊಬ್ಬಳು ಕಪ್ಪು ಈಜುಡುಪಿನಲ್ಲಿ ಆಳವಿಲ್ಲದ ಕಡೆ ಆಡುತ್ತಿದ್ದಳು. ಅವಳ ಅಮ್ಮ ದಡದ ಬೆಂಚಿನ ಮೇಲೆ ಟವೆಲ್ ಮಡಿಲಲ್ಲಿಟ್ಟು ಕೂತಿದ್ದಳು. ಹುಡುಗಿ ಯಾವಾಗ ಹಗ್ಗದಡಿ ನುಸುಳಿ ಆಳದ ಕಡೆ ಹೋದಳೋ ಯಾರೂ ನೋಡಲಿಲ್ಲ. ಕೊನೆಗೆ ತಳದವರೆಗೆ ಮುಳುಗು ಹಾಕಿದವನೊಬ್ಬನ ಕೈಗೆ ಕೂದಲು ತಾಗಿತು. ಅವನು ಮೇಲೆದ್ದು ಕಿರುಚಿ ಮುಗಿಸುವ ಮೊದಲೇ ಮಾವ ನೀರಿನಲ್ಲಿದ್ದರು. ಮಗುವನ್ನು ಮೇಲೆ ತಂದರು, ಎದೆ ಒತ್ತಿದರು, ಉಸಿರು ಕೊಟ್ಟರು. ಪ್ರಯೋಜನವಾಗಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಮರುವಾರ ಅದೇ ಹೊತ್ತಿಗೆ ಮಾವನ ಕುರ್ಚಿ ಹತ್ತಿ ಕೂತರು. ಕಣ್ಣಿಗೆ ಕೈ ಅಡ್ಡ ಹಿಡಿದು, ಇಲ್ಲಿಂದ ಯಾರಿಗೂ ತಳ ಕಾಣುವುದು ಸಾಧ್ಯವಿಲ್ಲ ಎಂದು ಬರೆದುಕೊಂಡು ಇಳಿದರು. ಮಾವನ ಮೇಲೆ ತಪ್ಪಿಲ್ಲ ಎಂದು ಕಾಗದ ಬಂತು. ನೆರೆಯವರು ಬಂದು ಬೆನ್ನು ಸವರಿ ಹೋದರು. ನನಗಂತೂ ಹೋದ ಜೀವ ಬಂದಂತಾಯಿತು.

ಮಾವ ಮಾತ್ರ ಊಟ ಬಿಟ್ಟರು. ಅಡುಗೆಮನೆಯ ಮೇಜಿನ ಮೇಲೆ ಒಂದು ಲೋಟ ನೀರು ಇಟ್ಟುಕೊಂಡು, ಅದರೊಳಗೆ ಒಂದು ಚಮಚ ಹಾಕಿ, ತಲೆಯನ್ನು ಅತ್ತಿತ್ತ ಆಡಿಸಿ ನೋಡುತ್ತ ಕೂರುತ್ತಿದ್ದರು. ನಾಲ್ಕನೆಯ ದಿನ ನನ್ನನ್ನು ಕರೆದರು. ಆಗ ನನಗೆ ಇಪ್ಪತ್ತೆರಡು.

"ಪುಟ್ಟಿ, ಅವತ್ತು ಒಂದು ಮೋಡ ಅಡ್ಡ ಬಂತು. ಹೊಳಪು ಹೋಯ್ತು. ನನಗೆ ತಳ ಕಾಣಿಸ್ತು."

"ಏನು ಕಾಣಿಸ್ತು?"

"ಜಾಲರಿ ದೊಡ್ಡದಾಗಿತ್ತು. ಎಡಕ್ಕೆ ಸರಿದ ಹಾಗಿತ್ತು. ಗಾಳಿ ಅಂದ್ಕೊಂಡೆ. ಜಾಲರಿ ಕಾಣ್ತಾ ಇದೆಯಲ್ಲ, ಸದ್ಯ, ಅಂದ್ಕೊಂಡು ಬೇರೆ ಕಡೆ ನೋಡಿದೆ. ಜಾಲರಿಯ ವೇಷ ಗೊತ್ತಿಲ್ಲದವನಾಗಿದ್ರೆ ಗಾಬರಿಯಾಗಿ ಎದ್ದಿರೋನು."

ಆಗ ನಾನು ಆಡಿದ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಿದೆ. "ಯಾರ ಹತ್ರಾನೂ ಬಾಯಿ ಬಿಡಬೇಡಿ ಮಾವ. ಕಾಗದ ಬಂದಿದೆ, ಮುಗೀತು" ಅಂದೆ.

ಮುಗಿದಿರಲಿಲ್ಲ. ಕಣ್ಣು ಕುಕ್ಕುವ ಬೆಳಕಿನ ನೆಪದಲ್ಲಿ ಮಾವ ಪಾರಾದ ಮೇಲೆ ತಪ್ಪು ಹೊರಲು ಉಳಿದವಳು ಆ ತಾಯಿ. ಹತ್ತು ಅಡಿ ದೂರದಲ್ಲಿ ಕೂತು ಮಗುವನ್ನು ಕೊಂದಳು ಎಂದು ಗಂಡ ಬಂದವರೆದುರೆಲ್ಲ ಅನ್ನುತ್ತಾನಂತೆ, ಅವಳ ಕೈಯ ನೀರೂ ಮುಟ್ಟುವುದಿಲ್ಲವಂತೆ. ಈ ಸುದ್ದಿ ಕಿವಿಗೆ ಬಿದ್ದ ಮರುದಿನವೇ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆ ಮನೆಗೆ ಹೊರಟರು. ದಾರಿಯಲ್ಲಾದರೂ ತಡೆಯೋಣ ಎಂದು ನಾನೂ ಹಿಂದೆಯೇ ಹೋದೆ. ಮೂರು ಮಹಡಿ ಹತ್ತುವವರೆಗೂ ಗೋಗರೆದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಬಾಗಿಲು ತೆಗೆದವಳು ತಾಯಿಯೇ. ಬಾಗಿಲ ಪಕ್ಕ ಚಿಕ್ಕ ಚಪ್ಪಲಿಗಳು ಇನ್ನೂ ಜೋಡಿಸಿದಂತೆಯೇ ಇದ್ದವು. ಮಾವ ಒಳಗೆ ಕಾಲಿಡದೆ, ಒಂದೇ ಉಸಿರಿಗೆ ಎಲ್ಲ ಹೇಳಿದರು. ಮೋಡ, ಜಾಲರಿ, ತಾನು ಬೇರೆ ಕಡೆ ತಿರುಗಿದ್ದು. ಈಗ ಕೂಗಾಡುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಮಾವನ ತೋಳು ಹಿಡಿದು ನಿಂತಿದ್ದೆ.

ಅವಳು ಒಳಗೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದಳು.

"ನನಗೂ ಕಾಣಿಸ್ತು."

ಮಾವ ತಲೆ ಎತ್ತಿ ಅವಳನ್ನು ನೋಡಿದರು.

"ಮೊದಲ ದಿನ ತಳದಲ್ಲಿ ಏನೋ ಕಪ್ಪಗೆ ಅಲ್ಲಾಡಿದ್ದು ನೋಡಿ ನಾನು ಕೂಗಿಕೊಂಡಿದ್ದೆ. ನೀವೇ ಬಂದು ನಕ್ಕಿರಿ. 'ಅದು ಜಾಲರಿ ಕಣಮ್ಮಾ, ನೀರು ಹಾಗೆಲ್ಲ ಆಟ ಆಡಿಸುತ್ತೆ, ಹೆದರಬೇಡಿ' ಅಂದ್ರಿ. ಅವತ್ತೂ ಕಪ್ಪಗೆ ಕಾಣಿಸ್ತು. ಇನ್ನೊಂದು ಸಲ ಕೂಗಿದ್ರೆ ನಗ್ತಾರಲ್ಲ ಅಂತ ಸುಮ್ನೆ ಕೂತೆ. ಇದನ್ನ ಇವರಿಗೆ ಹೇಳಿಲ್ಲ. ಹೇಳಿದ್ರೆ..."

ಮಾವನಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಎಷ್ಟು ತಾಯಂದಿರಿಗೆ ಹೇಳಿದ್ದರೋ. ಅಷ್ಟರಲ್ಲಿ ಗಂಡ ಹೊರಗೆ ಬಂದರು. ಏನು ವಿಷಯ ಅಂದರು.

ಮಾವ ಮತ್ತೆ ಮೊದಲಿಂದ ಹೇಳಿದರು, ತನ್ನ ಪಾಲಿನದಷ್ಟನ್ನೇ. ಮಾತು ಮುಗಿಯುವ ಮೊದಲೇ ಕೆನ್ನೆಗೆ ಏಟು ಬಿತ್ತು. ಮಾವ ಅಲ್ಲಾಡದೆ ನಿಂತರು. ನಾಳೆಯೇ ಇದನ್ನು ಬರೆದುಕೊಡುತ್ತೇನೆ ಅಂದರು.

"ನಿಮಗೆ ಕಂಡಿದ್ದು ಇವಳಿಗೆ ಕಾಣಲಿಲ್ವಾ?" ಗಂಡ ಹೆಂಡತಿಯತ್ತ ಬೆರಳು ತೋರಿಸಿದರು. "ನಿಮಗಿಂತ ಹತ್ತಿರ ಕೂತಿದ್ದಳಲ್ಲ!"

ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಬೆಂಚಿನಿಂದ ತಳ ಕಾಣಲ್ಲ ಸ್ವಾಮಿ" ಅಂದರು ಮಾವ. "ಎತ್ತರದಿಂದ ನೋಡಿದ್ರೆ ಮಾತ್ರ ಕಾಣೋದು. ಕೆಳಗೆ ಕೂತವರಿಗೆ ನೀರಿನ ಮೇಲೆ ಬರೀ ಆಕಾಶ ಕಾಣುತ್ತೆ, ಕನ್ನಡಿ ಥರ. ಆಕೆ ಕಣ್ಣು ಮಿಟುಕಿಸದೆ ಕೂತಿದ್ರೂ ಕಾಣ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಅದೇ ನೀರು ನೋಡಿದೀನಿ, ನನ್ನ ಮಾತು ನಂಬಿ."

ಆ ಬೆಂಚಿನಿಂದ ಜಾಲರಿಯ ತೂತು ಎಣಿಸಬಹುದಿತ್ತು. ಚಿಕ್ಕಂದಿನಲ್ಲಿ ನಾನೇ ಎಣಿಸಿದ್ದೆ. ನೀರಿನ ವಿಷಯದಲ್ಲಿ ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಗಂಡ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ಅವರ ದನಿ ಒಡೆದಿತ್ತು.

"ಅಲ್ಲಿಂದ ಕಾಣಲ್ಲ ಅಂತ ನೀನು ಯಾಕೆ ಹೇಳಲಿಲ್ಲ?"

ಅವಳು ಗಂಡನನ್ನು ನೋಡಲಿಲ್ಲ. ಮಾವನನ್ನೇ ನೋಡುತ್ತಿದ್ದಳು, ಅವರ ಕೆನ್ನೆಯ ಮೇಲೆ ಎದ್ದಿದ್ದ ಬೆರಳ ಗುರುತನ್ನು.

"ಹೇಳಿದ್ರೆ ನಂಬ್ತಿದ್ರಾ?" ಅಂದಳು.