ಲಾಭದಿಂದ ಎಣಿಸುತ್ತಿದ್ದ ಕೊಟ್ರಪ್ಪನವರು

ಕೊಟ್ರಪ್ಪನವರ ದನಿ ತಗ್ಗುತ್ತಿದ್ದುದು ದಿನದಲ್ಲಿ ಒಂದೇ ಹೊತ್ತು: ಗಿಡುಗಗಳು ಹುಲ್ಲಿಗಿಳಿಯುವ ಮುಸ್ಸಂಜೆ. ಉಳಿದಂತೆ, ಕೊಟ್ಟೂರಿನ ತಮ್ಮ ದಲಾಲಿ ಅಂಗಡಿಯಲ್ಲಿ ಕೂತು ಅವರು ಒಬ್ಬರಿಗೆ ಚಹಾ ಹೇಳಿದರೆ ಬೀದಿಯ ಆ ತುದಿಯವರೂ ತಮಗೇ ಇರಬೇಕೆಂದು ಎದ್ದು ಬರುತ್ತಿದ್ದರು. ಅಂಥ ಮನುಷ್ಯ ಊರಾಚೆಯ ಹುಲ್ಲುಬಯಲಾದ ಕಾವಲಿನಲ್ಲಿ, ಹೊಟ್ಟೆ ಅಡ್ಡ ಬಂದರೂ ಬಿಡದೆ, ಬಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಪಿಸುಗುಡುತ್ತಿದ್ದರು: "ಲಾಭ... ಎರಡು... ಮೂರು..."

ನಾನು ಆಗ ಅಲ್ಲಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಮಾನೌಮಿ ಹಬ್ಬ ಕಳೆದ ಮೇಲೆ ಈ ಗಿಡುಗಗಳು ಉತ್ತರದ ಚಳಿನಾಡುಗಳಿಂದ ಬರುತ್ತವೆ, ಹಗಲೆಲ್ಲ ಹೊಲದ ಮಿಡತೆ ಹಿಡಿದು ತಿಂದು, ರಾತ್ರಿ ಮರ ಹತ್ತದೆ ಬಯಲ ಹುಲ್ಲಿನಲ್ಲೇ ಮಲಗುತ್ತವೆ ಎಂದು ಹೇಳಿ ಒಂದು ಸಂಜೆ ಅವರನ್ನು ಕರೆದೊಯ್ದೆ. ಅಷ್ಟೇ ಸಾಕಾಯಿತು. ಮರುದಿನದಿಂದ ಅವರೇ ಸ್ಕೂಟರಿನ ಹಾರನ್ ಒತ್ತಿ ನನ್ನನ್ನು ಮಹಡಿಯಿಂದ ಇಳಿಸತೊಡಗಿದರು.

"ಅಷ್ಟು ದೂರದ ಬೀಗರು ಬಂದಾರ, ನೀವು ಪೇಪರ್ ಓದ್ಕಂತ ಕುಂತೀರಲ್ರೀ ಮೇಷ್ಟ್ರ!"

ಎಣಿಕೆಯಲ್ಲಿ ಅವರು ಪೇಟೆಯ ರೂಢಿ ಬಿಡಲಿಲ್ಲ. ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಹಕ್ಕಿಗೂ ಹಾಗೆಯೇ. ನಾನು ಒಮ್ಮೆ ಒಂದು ಎಂದು ಶುರುಮಾಡಿ ಬೈಸಿಕೊಂಡೆ.

"ಒಂದು ಅಂದ್ರ ಒಂದ ಆಗಿ ಉಳೀತೈತ್ರಿ. ಲಾಭ ಅನ್ರಿ, ಹಿಂದ ಎರಡನೇದು ಬರತೈತಿ."

ಇನ್ನೊಂದು ಕಟ್ಟಳೆಯೂ ಇತ್ತು. ಹುಲ್ಲಿನಲ್ಲಿ ಕೂತ ಹಕ್ಕಿಗಷ್ಟೇ ಲೆಕ್ಕ. ಮೇಲೆ ಸುತ್ತುವವು ಎಷ್ಟಿದ್ದರೂ ಲೆಕ್ಕಕ್ಕಿಲ್ಲ, ಕೂತದ್ದು ಎದ್ದರೆ ಕಳೆಯಬೇಕು. ಯಾಕೆಂದು ಕೇಳಿದರೆ, "ತೂರೋವಾಗ ಗಾಳ್ಯಾಗಿರೋ ಕಾಳನ್ನ ಯಾರರ ಅಳೀತಾರೇನು?" ಎನ್ನುತ್ತಿದ್ದರು.

ಎರಡನೆಯ ವರ್ಷ ಆ ಕಾವಲಿನಲ್ಲಿ ನೀಲಗಿರಿ ಸಸಿ ನೆಡಲು ಒಂದು ಅಂಚಿನಿಂದ ಗುಂಡಿ ತೋಡುವುದು ಶುರುವಾಯಿತು. ಮರ ಬಂದರೆ ಹುಲ್ಲು ಹೋಗುತ್ತದೆ, ಹುಲ್ಲು ಹೋದರೆ ಗಿಡುಗ ಬರುವುದಿಲ್ಲ. ಕೊಟ್ರಪ್ಪನವರು ಅಂಗಡಿಯನ್ನು ತಮ್ಮನಿಗೆ ಬಿಟ್ಟು ಕೂಡ್ಲಿಗಿಗೆ ಹೋಗಿ, ಸಸಿ ನೆಡಿಸುತ್ತಿದ್ದ ಅರಣ್ಯ ಇಲಾಖೆಯ ಸಾಹೇಬರ ಬಾಗಿಲಲ್ಲಿ ಬೆಂಚಿನ ಮೇಲೆ ಕೂತುಬಿಟ್ಟರು. ಊಟಕ್ಕೆ ಏಳಿ ಎಂದರೂ ಏಳಲಿಲ್ಲ. ಈ ಮನುಷ್ಯ ಬೆಂಚು ಬಿಡುವವನಲ್ಲ ಎಂದು ಖಾತ್ರಿಯಾದ ಮೇಲೆ ಸಾಹೇಬರು ಸಂಜೆ ಬಂದು ಹಕ್ಕಿಗಳನ್ನು ನೋಡಿ ಲೆಕ್ಕ ಬರೆದುಕೊಳ್ಳಲು ಒಪ್ಪಿದರು.

ಜೀಪು ಕಾವಲಿನ ನಡುವಿಗೇ ಬಂತು. ಆ ಸದ್ದಿಗೆ ಬೆದರಿದ ಹಕ್ಕಿಗಳಲ್ಲಿ ಹೆಚ್ಚಿನವು ಇಳಿಯಲಿಲ್ಲ. "ಲಾಭ, ಎರಡು, ಮೂರು" ಎಂದ ಕೊಟ್ರಪ್ಪನವರು ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಿದರು. ತಲೆಯ ಮೇಲೆ ಮಾತ್ರ ಹಿಂಡು ಸುತ್ತುತ್ತಲೇ ಇತ್ತು. ಸಾಹೇಬರು ಒಳ್ಳೆಯವರು.

"ಇಷ್ಟೊಂದು ಹಾರಾಡ್ತಿವೆಯಲ್ಲ, ಎಲ್ಲಾ ಸೇರಿಸಿ ಬರೆದುಕೊಳ್ತೀನಿ ಬಿಡಿ" ಎಂದರು.

ನನಗೆ ಹೋದ ಜೀವ ಬಂತು. ಕೊಟ್ರಪ್ಪನವರು ತಲೆಯಾಡಿಸಿದರು. "ಬ್ಯಾಡ್ರಿ ಸಾಹೇಬ್ರ. ಕುಂತಿದ್ದು ಮೂರು. ಮೂರ ಬರ್ಕಳ್ರಿ."

ಜೀಪು ಹೋದದ್ದೇ ತಡ, ನಾನು ಹರಿಹಾಯ್ದೆ. ನಿಮ್ಮ ಪೇಟೆಯ ನ್ಯಾಯಕ್ಕೆ ಇಡೀ ಕಾವಲು ಹೋಯಿತು, ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದೆ. ಅವರು ಸ್ಕೂಟರಿಗೆ ಒರಗಿ ನಿಂತು, ಎಂದಿಲ್ಲದ ಸಮಾಧಾನದಿಂದ ಹೇಳಿದರು:

"ಮೇಷ್ಟ್ರ, ಹಾರೋದನ್ನ ತೋರಿಸಿ ಹುಲ್ಲು ಕೇಳಿದ್ರ, ಹಾರಾಕ ಆಕಾಶ ಐತಲ್ಲ ಅಂತಾರ. ಕುಂದ್ರಾಕ ಅಲ್ಲೇನ್ರೀ ಹುಲ್ಲು ಬೇಕಾಗಿರೋದು? ಕುಂತದ್ದನ್ನ ತೋರಿಸಬೇಕು. ನಾಳೆ ಮತ್ತ ಕರ್ಕಂಡು ಬರ್ತೀನಿ."

ಮರುದಿನ ಬೆಳಿಗ್ಗೆ ಅವರು ಮತ್ತೆ ಅದೇ ಬೆಂಚಿನ ಮೇಲಿದ್ದರು. ಈ ಸಲ ಸಾಹೇಬರನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಸಾಹೇಬರ ಬೂಟನ್ನೂ ಬಿಡಿಸಿ, ನಡೆಸಿಕೊಂಡು ತಂದು ಬಂಡೆಯ ಹಿಂದೆ ಕೂರಿಸಿದರು. ಹೊತ್ತು ಮುಳುಗುತ್ತಿದ್ದಂತೆ ಗಿಡುಗಗಳು ನಾಲ್ಕೂ ಕಡೆಯಿಂದ ತೇಲಿ ಬಂದು ಒಂದೊಂದಾಗಿ ಹುಲ್ಲಿಗಿಳಿದವು. ಸಾಹೇಬರೂ ಲಾಭದಿಂದಲೇ ಎಣಿಸಲು ಹೊರಟು ನಡುವೆ ಲೆಕ್ಕ ತಪ್ಪಿ ನಕ್ಕುಬಿಟ್ಟರು. ಮುಂದೆ ಗುಂಡಿ ತೋಡುವುದನ್ನು ಅವರೇ ನಿಲ್ಲಿಸಿದರು. ಅಷ್ಟರಲ್ಲಿ ಗುಂಡಿ ಬಿದ್ದಿದ್ದ ಅರ್ಧಕ್ಕೆ ಸಸಿ ಬಂತು, ಉಳಿದರ್ಧ ಹುಲ್ಲಾಗಿಯೇ ಉಳಿಯಿತು. ನಾನು ಪೇಢೆ ತಂದರೆ ಕೊಟ್ರಪ್ಪನವರು ಮುಟ್ಟಲಿಲ್ಲ. "ಅರ್ಧಕ್ಕ ಎಂಥಾ ಪೇಢೇರಿ?" ಎಂದು ಆಮೇಲೂ ವರ್ಷಗಟ್ಟಲೆ ಕೂಡ್ಲಿಗಿಗೆ ತಿರುಗಿದರು.

ನನಗೆ ಹಡಗಲಿಗೆ ವರ್ಗವಾಯಿತು. ಮಾನೌಮಿ ಕಳೆದೊಡನೆ ಫೋನ್ ಬರುತ್ತಿತ್ತು: "ಬೀಗರು ಬಂದಾರ, ಬರ್ರಿ." ನಾನೂ ತಪ್ಪದೆ ಹೋಗುತ್ತಿದ್ದೆ. ಹೊಸ ಶತಮಾನದ ಒಂದು ಬೇಸಿಗೆಯಲ್ಲಿ ಎದೆನೋವೆಂದು ಮಲಗಿದ ಕೊಟ್ರಪ್ಪನವರು ಏಳಲಿಲ್ಲ. ಆ ವರ್ಷ ಫೋನ್ ಬರಲಿಲ್ಲ. ಬಸ್ಸು ಹತ್ತಿ ನಾನೇ ಹೋದೆ.

ಬಂಡೆಯ ಹಿಂದೆ ಅವರ ಜಾಗ ಬಿಟ್ಟು ಕೂತೆ. ಸೂರ್ಯ ಮುಳುಗಿದರೂ ಬಾನು ಖಾಲಿಯೇ ಇತ್ತು. ಅವರ ಜೊತೆಗೇ ಇವೂ ಹೋದವೇನೋ ಎನಿಸಿತು. ಅಷ್ಟರಲ್ಲಿ ನೀಲಗಿರಿ ಮರಗಳ ಮೇಲಿಂದ ಒಂದು ಗಿಡುಗ ತೇಲಿ ಬಂತು. ಸುತ್ತಿತು, ನಾನು ಎಣಿಸಲಿಲ್ಲ. ಇನ್ನೊಮ್ಮೆ ಸುತ್ತಿತು, ಆಗಲೂ ಎಣಿಸಲಿಲ್ಲ. ಕಡೆಗೆ ಕಾಲು ಇಳಿಬಿಟ್ಟು ಹುಲ್ಲಿನಲ್ಲಿ ಕೂತಿತು.

"ಲಾಭ" ಎಂದೆ. ಕಣ್ಣೊರೆಸಿಕೊಂಡು ಎರಡನೆಯದಕ್ಕೆ ಕಾದೆ.